ಬಾಣವೋ, ವಿಷವೋ, ಕಿಲುಬೋ?

ಹೋಮರನ 'ಇಲಿಯಡ್' ಕಾವ್ಯ ಆರಂಭವಾಗುವುದೇ ಒಂದು ಸಾಂಕ್ರಾಮಿಕ ರೋಗದಿಂದ. ಟ್ರಾಯ್ ನಗರದ ಮುಂದೆ ಬೀಡುಬಿಟ್ಟಿದ್ದ ಗ್ರೀಕ್ ಸೇನೆಯ ದೊರೆ ಅಗಮೆಮ್ನಾನ್, ಅಪೊಲೊ ದೇವತೆಯ ಪೂಜಾರಿಯೊಬ್ಬನನ್ನು ಅವಮಾನಿಸಿ ಅಟ್ಟುತ್ತಾನೆ. ಪೂಜಾರಿ ತನ್ನ ದೇವರಲ್ಲಿ ಮೊರೆಯಿಡುತ್ತಾನೆ. ಸಿಟ್ಟಿಗೆದ್ದ ಅಪೊಲೊ ಹಡಗುಗಳಿಂದ ದೂರದಲ್ಲಿ ಕುಳಿತು ಬಾಣ ಬಿಡುತ್ತಾನೆ. ಮೊದಲು ಹೇಸರಗತ್ತೆಗಳೂ ನಾಯಿಗಳೂ ಸಾಯುತ್ತವೆ, ಆಮೇಲೆ ಮನುಷ್ಯರು. ಒಂಬತ್ತು ದಿನ ಬಾಣಗಳು ಬೀಳುತ್ತಲೇ ಇರುತ್ತವೆ, ಚಿತೆಗಳು ಉರಿಯುತ್ತಲೇ ಇರುತ್ತವೆ. ಆ ಬಾಣಕ್ಕೆ ಹೋಮರ್ ಬಳಸಿರುವ ಪದ 'ಇಯೊಸ್'.

ಈಗ 2020ನೆಯ ಇಸವಿಗೆ ಬನ್ನಿ. ಆ ವರ್ಷ ಗ್ರೀಸ್ ದೇಶದ ಪತ್ರಿಕೆಗಳಲ್ಲಿ ದಿನವೂ ಅಚ್ಚಾಗುತ್ತಿದ್ದ ಪದ 'ಕೊರೊನೊಯಿಯೊಸ್'. ಕೊರೊನಾ ವೈರಸ್ಸಿಗೆ ಅವರ ಭಾಷೆಯ ಹೆಸರು ಅದು. ಇಂದಿನ ಗ್ರೀಕಿನಲ್ಲಿ ವೈರಸ್ ಎಂದರೆ 'ಇಯೊಸ್'. ವೈರಸ್ಸುಗಳನ್ನು ಅಭ್ಯಸಿಸುವ ವಿಜ್ಞಾನವನ್ನು ಅವರು 'ಇಯೊಲೊಗಿಯ' ಎನ್ನುತ್ತಾರೆ. ಕಂಪ್ಯೂಟರಿಗೆ ತಗಲುವ ವೈರಸ್ಸಿಗೂ ಅದೇ ಹೆಸರು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ರೋಗ ತಂದ ಬಾಣ ಇಯೊಸ್, ರೋಗ ತರುವ ವೈರಸ್ಸೂ ಇಯೊಸ್. ಅಪೊಲೊನ ಬಾಣವೇ ಸುಮಾರು 2,700 ವರ್ಷಗಳ ಬಳಿಕ ಸೂಕ್ಷ್ಮದರ್ಶಕದಡಿಗೆ ಬಂತು ಎಂದು ತರಗತಿಯಲ್ಲಿ ಹೇಳಿಬಿಡಲು ಯಾವ ಅಧ್ಯಾಪಕರಿಗೆ ತಾನೆ ಆಸೆಯಾಗದು? ಹೇಳಿದರೆ ವಿದ್ಯಾರ್ಥಿಗಳು ಮರೆಯುವುದೂ ಇಲ್ಲ. ತೊಂದರೆ ಏನೆಂದರೆ, ಅದು ಸುಳ್ಳು. ಹೋಮರನ ಇಯೊಸ್ ಒಂದು ಪದ, ಪತ್ರಿಕೆಯ ಇಯೊಸ್ ಇನ್ನೊಂದು. ಎರಡಕ್ಕೂ ಹುಟ್ಟಿನಿಂದ ಯಾವ ನಂಟೂ ಇಲ್ಲ.

ಹಳೆಯ ಗ್ರೀಕ್ ಭಾಷೆಯಲ್ಲಿ ಇಯೊಸ್ ಎಂಬ ರೂಪಕ್ಕೆ ಬಾಣ ಎಂಬ ಅರ್ಥವಿದೆ. ಹಾವಿನ ವಿಷ ಎಂಬ ಅರ್ಥವಿದೆ. ತಾಮ್ರದ ಮೇಲೆ ಹಿಡಿಯುವ ಹಸಿರು ಕಿಲುಬು ಎಂಬ ಅರ್ಥವಿದೆ. ಇದು ಸಾಲದೆಂಬಂತೆ, ಹೋಮರನಲ್ಲಿ 'ಒಂದು' ಎಂಬ ಅರ್ಥದ, ಇದೇ ಅಕ್ಷರಗಳ ಮತ್ತೊಂದು ಪದವೂ ಅಲ್ಲಲ್ಲಿ ತಲೆಹಾಕುತ್ತದೆ. ತನ್ನ ಏಳು ಮಂದಿ ಸೋದರರೂ ಒಂದೇ ದಿನ ಸತ್ತರೆಂದು ಆಂಡ್ರೊಮಕಿ ಹೇಳುವಲ್ಲಿ ಆ 'ಒಂದು' ಬರುತ್ತದೆ. ಅದನ್ನು ಅಲ್ಲಿಗೇ ಬಿಡೋಣ. ಉಳಿದ ಮೂರು ನಮ್ಮ ರಸಾಯನ ಮತ್ತು ಜೀವವಿಜ್ಞಾನದ ಪುಸ್ತಕಗಳ ಒಳಗೇ ಬಂದು ಕುಳಿತಿವೆ. ಅವುಗಳ ಜಾಡು ಹಿಡಿಯಬೇಕಾದರೆ ಮೊದಲು ಬೇರೆ ಬೇರೆ ಪದಗಳು ಒಂದೇ ಆಗುವುದು ಹೇಗೆಂದು ತಿಳಿಯಬೇಕು.

ಅಕ್ಷರ ಅಳಿದರೆ ಪದ ಬೆರೆಯುತ್ತದೆ

ಕನ್ನಡದಲ್ಲೇ ನೋಡಿ. 'ಪಾಠ ಕಲಿ' ಎನ್ನುವಾಗಿನ ಕಲಿ ನಮ್ಮ ಸ್ವಂತ ಪದ, 'ಕಲಿಯುಗ'ದ ಕಲಿ ಸಂಸ್ಕೃತದ್ದು. ಎರಡು ಊರಿನವರು ಒಂದೇ ಹೆಸರಿಟ್ಟುಕೊಂಡಂತೆ ಇದು, ವಿಶೇಷವೇನಲ್ಲ. ಇದಕ್ಕಿಂತ ಕುತೂಹಲಕರವಾದದ್ದು 'ಬಾಳು'. ಹಳಗನ್ನಡದಲ್ಲಿ 'ಬಾಳ್' ಎಂದರೆ ಕತ್ತಿ, 'ಬಾೞ್' ಎಂದರೆ ಬದುಕು. ಎರಡನೆಯದರಲ್ಲಿದ್ದ ೞ ಎಂಬ ಅಕ್ಷರದ ಉಚ್ಚಾರ ಬೇರೆ. ಹಾಗೆಯೇ 'ಅರಿ' ಎಂದರೆ ಕತ್ತರಿಸು, 'ಅಱಿ' ಎಂದರೆ ತಿಳಿ. ಕೇಶಿರಾಜ 13ನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ' ಬರೆಯುವ ಹೊತ್ತಿಗೆ ಈ ಧ್ವನಿಗಳ ಭೇದವನ್ನು ಬಿಡಿಸಿ ಹೇಳಬೇಕಾದ ಕಾಲ ಬಂದಿತ್ತು. ಆಮೇಲೆ ೞ, ಱ ಎರಡೂ ಬಳಕೆಯಿಂದ ಹೋದವು. ಕತ್ತಿಯೂ ಬದುಕೂ ಒಂದೇ 'ಬಾಳು' ಆದವು. ಪಕ್ಕದ ತಮಿಳಿನಲ್ಲಿ ಆ ಅಕ್ಷರಗಳು ಉಳಿದಿರುವುದರಿಂದ ಅಲ್ಲಿ ಈ ಪದಗಳು ಇಂದಿಗೂ ಬೇರೆ ಬೇರೆ. ಅಂದರೆ, ಒಂದು ಭಾಷೆಯಲ್ಲಿ ಅಳಿದ ಗುರುತನ್ನು ಅದರ ಸೋದರ ಭಾಷೆಯಲ್ಲಿ ಹುಡುಕಬಹುದು.

ಗ್ರೀಕಿನಲ್ಲಿ ನಡೆದದ್ದೂ ಇಂಥದೇ. ಅಲ್ಲಿ ಅಳಿದದ್ದು ಎರಡು ಧ್ವನಿಗಳು: ವಕಾರ, ಮತ್ತು ಸ್ವರಗಳ ನಡುವಿನ ಸಕಾರ. ಲ್ಯಾಟಿನ್ನಿನಲ್ಲಿ ದ್ರಾಕ್ಷಾರಸ 'ವೀನುಮ್', ಗ್ರೀಕಿನಲ್ಲಿ 'ಒಯ್ನೊಸ್', ಮೊದಲಿನ ವಕಾರ ಹಾರಿಹೋಗಿದೆ. ಸಂಸ್ಕೃತದ 'ವಚಸ್' ಗ್ರೀಕಿನಲ್ಲಿ 'ಎಪೊಸ್'. ಮಹಾಕಾವ್ಯಕ್ಕೆ ಹೇಳುವ 'ಎಪಿಕ್' ಎಂಬ ಪದ ಇದರಿಂದಲೇ ಬಂದದ್ದು. ನಮ್ಮ ವಚನಕ್ಕೂ ಅವರ ಎಪಿಕ್‌ಗೂ ಒಂದೇ ಬೇರು ಎಂಬುದು ಈ ಒಂದು ವಕಾರವನ್ನು ಮತ್ತೆ ಜೋಡಿಸಿಕೊಂಡಾಗ ಕಾಣುತ್ತದೆ. ಸಕಾರದ ಕಥೆಗೆ ಸಂಸ್ಕೃತದ 'ಜನಸ್' ಒಳ್ಳೆಯ ಉದಾಹರಣೆ. ಅದರ ಷಷ್ಠಿ 'ಜನಸಃ'. ಅದೇ ರೂಪ ಗ್ರೀಕಿನಲ್ಲಿ 'ಗೆನೆಒಸ್', ನಡುವಣ ಸಕಾರ ಮಾಯ. ಲ್ಯಾಟಿನ್ನಿನಲ್ಲಿ 'ಗೆನೆರಿಸ್', ಸಕಾರವಿದ್ದ ಕಡೆ ರಕಾರ. ನಮ್ಮ ಪಾಲು ಹಾಲಾದಂತೆ, ಪತ್ತು ಹತ್ತಾದಂತೆ, ಇವೆಲ್ಲ ಒಂದೆರಡು ಪದಗಳಲ್ಲಿ ಆದ ಆಕಸ್ಮಿಕಗಳಲ್ಲ, ಭಾಷೆಯ ಉದ್ದಕ್ಕೂ ನಡೆದ ಬದಲಾವಣೆಗಳು.

ಕಳೆದುಹೋದ ಆ ವಕಾರದ ಪತ್ತೆಯ ಕಥೆಯೂ ಹೇಳುವಂಥದೇ. 18ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ವಿದ್ವಾಂಸ ರಿಚರ್ಡ್ ಬೆಂಟ್ಲಿ, ಹೋಮರನ ಛಂದಸ್ಸು ಕೆಲವೆಡೆ ತಪ್ಪಿದಂತೆ ಕಾಣುವುದನ್ನು ಗಮನಿಸಿ, ಅಲ್ಲೆಲ್ಲ ಒಂದು ವಕಾರ ಇತ್ತೆಂದು ಭಾವಿಸಿದರೆ ಮಾತ್ರೆಗಳು ಸರಿಹೋಗುತ್ತವೆ ಎಂದು ತೋರಿಸಿದ. 1952ರಲ್ಲಿ ಮೈಕೇಲ್ ವೆಂಟ್ರಿಸ್ 'ಲೀನಿಯರ್ ಬಿ' ಲಿಪಿಯನ್ನು ಓದಿದಾಗ, ಹೋಮರನಿಗಿಂತ ಕೆಲವು ಶತಮಾನ ಹಿಂದಿನ ಜೇಡಿಮಣ್ಣಿನ ಹಲಗೆಗಳಲ್ಲಿ ಆ ವಕಾರ ಕಣ್ಣಿಗೇ ಬಿತ್ತು. ಹೋಮರನಲ್ಲಿ ಅರಸನಿಗೆ 'ಅನಕ್ಸ್' ಎಂಬ ಪದವಿದೆ, ಹಲಗೆಗಳಲ್ಲಿ ಅದು 'ವನಕ'. ಲೆಕ್ಕದಿಂದ ಮೊದಲು ಊಹಿಸಿ, ಆಮೇಲೆ ದೂರದರ್ಶಕದಲ್ಲಿ ಕಂಡ ನೆಪ್ಚೂನ್ ಗ್ರಹದ ನೆನಪಾಗುತ್ತದೆ.

ಈಗ ಇಯೊಸ್‌ಗೆ ಮರಳೋಣ. ಬಾಣಕ್ಕೆ ಸಂಸ್ಕೃತದಲ್ಲಿ ಏನೆನ್ನುತ್ತಾರೆ? 'ಇಷು'. ಇದರ ಸಕಾರವನ್ನು ತೆಗೆದು ಗ್ರೀಕಿನ ಪ್ರತ್ಯಯ ಸೇರಿಸಿ, ಇಯೊಸ್ ಬರುತ್ತದೆ. ಇನ್ನೊಂದಕ್ಕೆ ಸಂಸ್ಕೃತದ ಪ್ರತಿರೂಪ ಯಾವುದೆಂದು ನೀವೇ ಊಹಿಸಬಹುದು: 'ವಿಷ'. ಮೊದಲಿನ ವಕಾರ ತೆಗೆಯಿರಿ, ನಡುವಣ ಸಕಾರ ತೆಗೆಯಿರಿ, ಮತ್ತೆ ಇಯೊಸ್. ಸಂಸ್ಕೃತದಲ್ಲಿ ಇಕಾರದ ಮುಂದಿನ ಸಕಾರ ಷಕಾರವಾಗುವುದು ವ್ಯಾಕರಣ ಓದಿದವರಿಗೆ ಗೊತ್ತೇ ಇದೆ, ಆದ್ದರಿಂದ ಇಷು, ವಿಷ ಎರಡರಲ್ಲೂ ಷಕಾರ. ಲ್ಯಾಟಿನ್ನಿನಲ್ಲಿ ಅದೇ ಸಕಾರ ರಕಾರವಾಯಿತೆಂದೆವಲ್ಲ? ಹಾಗಾದರೆ ವಿಷದ ಲ್ಯಾಟಿನ್ ರೂಪ ಏನಿರಬೇಕು? 'ವೀರುಸ್'. ಇಂಗ್ಲಿಷರ ಬಾಯಲ್ಲಿ ಅದು ವೈರಸ್. ವಿಷ, ವೈರಸ್, ಇಯೊಸ್: ಕಿವಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದಂತಿರುವ ಈ ಮೂರೂ ಒಂದೇ ಪದ. ಕಿವಿಗೆ ಒಂದೇ ಆದ ಎರಡು ಇಯೊಸ್‌ಗಳು ಮಾತ್ರ ಬೇರೆ ಬೇರೆ.

ಇಷ್ಟು ಸ್ಪಷ್ಟವಾಗಿ ಎರಡನ್ನೂ ಬಿಡಿಸಲು ಗ್ರೀಕ್ ಒಂದನ್ನೇ ತಿಳಿದವನಿಗೆ ಸಾಧ್ಯವಿರಲಿಲ್ಲ. ಗ್ರೀಕರಿಗಂತೂ ಸಾಧ್ಯವೇ ಇರಲಿಲ್ಲ. ವಕಾರ ಸಕಾರಗಳು ಅವರ ನೆನಪಿನಿಂದಲೇ ಅಳಿದಿದ್ದವು.

ವಿಷ ಸವರಿದ ಬಾಣ

'ಬಾಣಕ್ಕೆ ವಿಷ ಸವರುತ್ತಿದ್ದರಲ್ಲವೆ? ಹಾಗಾಗಿ ಬಾಣದ ಹೆಸರೇ ವಿಷಕ್ಕೂ ಬಂದಿರಬೇಕು' ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಬಾಣಕ್ಕೆ ವಿಷ ಸವರುತ್ತಿದ್ದುದು ನಿಜ. 'ಒಡಿಸ್ಸಿ'ಯ ಮೊದಲ ಭಾಗದಲ್ಲೇ ಅದರ ಪ್ರಸ್ತಾಪವಿದೆ. ಒಡಿಸ್ಯೂಸ್ ತನ್ನ ಕಂಚಿನ ಮೊನೆಯ ಬಾಣಗಳಿಗೆ ಸವರಲು ಕೊಲ್ಲುವ ಮದ್ದನ್ನು ಹುಡುಕಿಕೊಂಡು ಎಫಿರ ಎಂಬಲ್ಲಿಗೆ ಹೋಗಿದ್ದನಂತೆ. ಅಲ್ಲಿಯ ಒಬ್ಬ ದೇವರಿಗೆ ಹೆದರಿ ಕೊಡಲಿಲ್ಲ, ಇನ್ನೊಬ್ಬ ಸ್ನೇಹಕ್ಕಾಗಿ ಕೊಟ್ಟ. ಈ ಮಾತಿನಲ್ಲಿ ಬಾಣಕ್ಕೆ ಇರುವ ಪದ ಇಯೊಸ್. ವಿಷಕ್ಕೆ ಇರುವುದು 'ಫಾರ್ಮಕೊನ್', ಇಂದಿನ ಫಾರ್ಮಸಿಗೆ ಮೂಲವಾದ ಪದ. ಋಗ್ವೇದದ 6ನೆಯ ಮಂಡಲದ 75ನೆಯ ಸೂಕ್ತ ಆಯುಧಗಳನ್ನು ಕುರಿತದ್ದು. ಅಲ್ಲಿಯೂ ವಿಷ ಸವರಿದ ಬಾಣದ ವರ್ಣನೆಯಿದೆ. ಬಾಣ 'ಇಷು', ಸವರಿದ ವಿಷ 'ಆಲ'. ಎರಡು ಭಾಷೆಗಳಲ್ಲೂ ವಸ್ತುಗಳು ಒಂದರ ಮೇಲೊಂದು ಅಂಟಿಕೊಂಡಿವೆ, ಪದಗಳು ಅಂಟಿಕೊಂಡಿಲ್ಲ.

ಆದರೆ ಗ್ರೀಕ್ ಕವಿಗಳಿಗೆ ಈ ಎರಡು ಇಯೊಸ್‌ಗಳು ಒಂದೇ ಧ್ವನಿಯಲ್ಲಿ ಕೇಳುವುದರ ಲಾಭ ಗೊತ್ತಿತ್ತು. ಕ್ರಿ.ಪೂ. 5ನೆಯ ಶತಮಾನದ ಸೊಫೊಕ್ಲೀಸನ 'ಟ್ರ್ಯಾಕಿನಿಯೆ' ನಾಟಕದ ಕಥೆ ಇದು: ಹೆರಕ್ಲೀಸ್ ಹಲವು ತಲೆಗಳ ಹೈಡ್ರ ಸರ್ಪವನ್ನು ಕೊಂದು, ಅದರ ವಿಷದಲ್ಲಿ ತನ್ನ ಬಾಣಗಳನ್ನು ಅದ್ದಿದ್ದಾನೆ. ಆ ಬಾಣದಿಂದ ನೆಸ್ಸಸ್ ಎಂಬ ಕಿನ್ನರ ಸಾಯುತ್ತಾನೆ. ಸಾಯುವ ಮೊದಲು ತನ್ನ ಗಾಯದ ರಕ್ತವನ್ನು ಹೆರಕ್ಲೀಸನ ಹೆಂಡತಿಗೆ ಕೊಟ್ಟು, ಇದು ಗಂಡನನ್ನು ಒಲಿಸಿಕೊಳ್ಳುವ ಮದ್ದು ಎನ್ನುತ್ತಾನೆ. ವರ್ಷಗಳು ಕಳೆದು ಆಕೆ ಅದನ್ನು ಗಂಡನ ಉಡುಪಿಗೆ ಸವರುತ್ತಾಳೆ. ತನ್ನ ಬಾಣದ ವಿಷದಿಂದಲೇ ಹೆರಕ್ಲೀಸ್ ಬೆಂದು ಸಾಯುತ್ತಾನೆ. ಬಾಣಕ್ಕೂ ವಿಷಕ್ಕೂ ಒಂದೇ ನಾಟಕದಲ್ಲಿ ಇಯೊಸ್ ಎಂಬ ರೂಪ ಬರುತ್ತದೆ. ಕೇಳುವವನಿಗೆ ಒಂದು ಇನ್ನೊಂದಾಗಿ ಹರಿದಂತೆ ಅನಿಸಿದರೆ ಆಶ್ಚರ್ಯವಿಲ್ಲ. ಕಾವ್ಯದಲ್ಲಿ ಇದು ಸೊಗಸು. ಗದ್ಯ ಬರೆಯುವವರಿಗೆ ಬಾಣಕ್ಕೆ ಬೇರೆ ಪದಗಳಿದ್ದವು, ಬಾಣವೆಂಬ ಅರ್ಥದ ಇಯೊಸ್ ಕವಿಗಳ ಪದವಾಗಿಯೇ ಉಳಿಯಿತು.

ಬಾಣವಿದ್ಯೆಯಿಂದ ವಿಷಕ್ಕೆ ಹೆಸರು ಬಂದ ನಿಜವಾದ ಉದಾಹರಣೆಯೂ ಗ್ರೀಕಿನಲ್ಲೇ ಇದೆ, ಅದೂ ನೀವು ದಿನವೂ ಬಳಸುವ ಪದದಲ್ಲಿ. ಬಿಲ್ಲಿಗೆ ಗ್ರೀಕಿನಲ್ಲಿ 'ಟೊಕ್ಸೊನ್' ಎಂದು ಹೆಸರು. ಬಾಣಕ್ಕೆ ಹಚ್ಚುವ ಮದ್ದು 'ಟೊಕ್ಸಿಕೊನ್', ಅಂದರೆ ಬಿಲ್ಲಿಗೆ ಸಂಬಂಧಿಸಿದ್ದು. ಟಾಕ್ಸಿಕ್, ಟಾಕ್ಸಿನ್, ಟಾಕ್ಸಿಕಾಲಜಿ ಎಲ್ಲವೂ ಆ ಬಿಲ್ಲಿನ ಸಂತಾನ. ಪದದ ಮಟ್ಟಿಗೆ ವಿಷಶಾಸ್ತ್ರ ಎಂಬುದು ಬಿಲ್ಲಿನ ಶಾಸ್ತ್ರ! ಊಹೆಯ ಸೊಬಗು ಎರಡು ಕಡೆಯೂ ಒಂದೇ. ಒಂದು ಕಡೆ ಸಾಕ್ಷ್ಯ ನಿಲ್ಲುತ್ತದೆ, ಇನ್ನೊಂದು ಕಡೆ ನಿಲ್ಲುವುದಿಲ್ಲ.

ತಾಮ್ರದ ಕಿಲುಬು

ಮೂರನೆಯ ಇಯೊಸ್ ನಮ್ಮ ಅಡುಗೆಮನೆಗೆ ಹತ್ತಿರದ್ದು. ಕಲಾಯಿ ಹೋದ ತಾಮ್ರದ ಅಥವಾ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿಯನ್ನೋ ಮಜ್ಜಿಗೆಯನ್ನೋ ಇಟ್ಟರೆ ಏನಾಗುತ್ತದೆಂದು ಮನೆಯ ಹಿರಿಯರನ್ನು ಕೇಳಿ. ಕಿಲುಬೇಳುತ್ತದೆ, ತಿಂದರೆ ವಾಂತಿಯಾಗುತ್ತದೆ ಎನ್ನುತ್ತಾರೆ. ಹುಳಿಯಲ್ಲಿರುವ ಆಮ್ಲ ಮತ್ತು ಗಾಳಿಯ ಆಕ್ಸಿಜನ್ ಸೇರಿ ತಾಮ್ರವನ್ನು ಅದರ ಲವಣಗಳಾಗಿ ಮಾರ್ಪಡಿಸುತ್ತವೆ. ಆ ಲವಣಗಳು ಹಸಿರು ಇಲ್ಲವೆ ನೀಲಿ ಹಸಿರು, ಹೊಟ್ಟೆಗೆ ಕೆಟ್ಟವು. ಪಾತ್ರೆಯ ಒಳಮೈಗೆ ತವರದ ಕಲಾಯಿ ಹಾಕಿಸುತ್ತಿದ್ದುದು ಇದಕ್ಕೇ.

ಗ್ರೀಕರು ಈ ಕಿಲುಬನ್ನು ಬೇಕೆಂದೇ ತಯಾರಿಸುತ್ತಿದ್ದರು. ಅರಿಸ್ಟಾಟಲನ ಶಿಷ್ಯ ಥಿಯೊಫ್ರಾಸ್ಟಸ್ ಕಲ್ಲುಗಳನ್ನು ಕುರಿತ ತನ್ನ ಗ್ರಂಥದಲ್ಲಿ ವಿಧಾನ ಬರೆದಿಟ್ಟಿದ್ದಾನೆ: ಕೆಂಪು ತಾಮ್ರವನ್ನು ದ್ರಾಕ್ಷಾರಸದ ಗಸಿಯ ಮೇಲಿಡಬೇಕು, ಮೇಲೆ ಕಟ್ಟಿದ್ದನ್ನು ಕೆರೆದು ತೆಗೆಯಬೇಕು. ಸಿಗುವುದು ಇಯೊಸ್, ಬಣ್ಣಕ್ಕೂ ಔಷಧಕ್ಕೂ ಒದಗುವ ವಸ್ತು. ಇಂದಿನ ಮಾತಿನಲ್ಲಿ ಅದು ತಾಮ್ರದ ಅಸಿಟೇಟುಗಳ ಮಿಶ್ರಣ. ಅವನಿಗಿಂತ ಹಿಂದಿನ ಪ್ಲೇಟೊ 'ಟಿಮೀಯಸ್' ಸಂವಾದದಲ್ಲಿ ಇದಕ್ಕೊಂದು ಸಿದ್ಧಾಂತವನ್ನೇ ಕೊಟ್ಟಿದ್ದಾನೆ. ಅವನ ಪ್ರಕಾರ ಲೋಹಗಳು ಕರಗಬಲ್ಲ ಒಂದು ಬಗೆಯ ಜಲ. ತಾಮ್ರದಲ್ಲಿ ಸ್ವಲ್ಪ ಪೃಥ್ವಿಯ ಅಂಶ ಬೆರೆತಿರುತ್ತದೆ, ಹಳತಾದಾಗ ಅದು ಬೇರ್ಪಟ್ಟು ಹೊರಬರುತ್ತದೆ, ಅದೇ ಇಯೊಸ್. ಕಿಲುಬು ಲೋಹದೊಳಗಿಂದ ಹೊರಬರುವುದಲ್ಲ, ಹೊರಗಿನದನ್ನು ಸೇರಿಸಿಕೊಂಡು ಆಗುವುದು ಎಂದು ಗೊತ್ತಾಗಲು 18ನೆಯ ಶತಮಾನದ ಕೊನೆಯ ಲವಾಸಿಯೆಯವರೆಗೆ ಕಾಯಬೇಕಾಯಿತು.

ಕಿಲುಬಿನ ಇಯೊಸ್ ವಿಷದ ಇಯೊಸ್‌ನಿಂದಲೇ ಬಂದದ್ದೆಂದು ಹಲವರ ಮತ. ಅದು ಪ್ರತ್ಯೇಕ ಪದವೆಂದು ಎಣಿಸಿದವರೂ ಇದ್ದಾರೆ. ತಾಮ್ರದ ಕಿಲುಬು ವಿಷಕರವೆಂದು ಅಡುಗೆಮನೆಯಲ್ಲಿ ಕಂಡವರಿಗೆ ಮೊದಲ ಮತ ಸಹಜವಾಗಿ ತೋರುತ್ತದೆ, ನನಗೂ ಹಾಗೆಯೇ. ಆದರೆ ಬಾಣದ ವಿಚಾರದಲ್ಲೂ ಹೀಗೆಯೇ ಸಹಜವಾಗಿ ತೋರಿತ್ತು ಎಂಬುದನ್ನು ಮರೆಯುವಂತಿಲ್ಲ.

ಗೊಂದಲ ಇನ್ನಷ್ಟು ಬಿಗಿಯಾಗುವುದು ಹೂವೊಂದು ಒಳಗೆ ಬಂದಾಗ. ವಯೊಲೆಟ್ ಹೂವಿಗೆ ಗ್ರೀಕಿನಲ್ಲಿ 'ಇಯೊನ್' ಎಂದು ಹೆಸರು. ಇದೂ ಮೊದಲು ವಕಾರವಿದ್ದು ಕಳೆದುಕೊಂಡ ಪದವೇ, ಲ್ಯಾಟಿನ್ನಿನ 'ವಿಯೊಲ'ದಲ್ಲಿ ಆ ವಕಾರ ಉಳಿದಿದೆ. 'ಅದರಂತೆ ಕಾಣುವ' ಎಂದು ಹೇಳಲು ಗ್ರೀಕರು '-ಓಡೆಸ್' ಎಂಬ ಪ್ರತ್ಯಯ ಹಚ್ಚುತ್ತಿದ್ದರು. ಹೂವಿಗೆ ಹಚ್ಚಿದರೆ 'ಇಯೋಡೆಸ್', ನೇರಳೆ ಬಣ್ಣದ್ದು. ಕಿಲುಬಿಗೆ ಹಚ್ಚಿದರೂ 'ಇಯೋಡೆಸ್', ಕಿಲುಬಿನ ಹಸಿರು ಬಣ್ಣದ್ದು. ಉಚ್ಚಾರದಲ್ಲಿ ಮೊದಲ ಇಕಾರದ ಹ್ರಸ್ವ ದೀರ್ಘ ಭೇದ ಇತ್ತು. ಬರವಣಿಗೆಯಲ್ಲಿ ಆ ಭೇದ ಕಾಣದು, ಏಕೆಂದರೆ ಗ್ರೀಕ್ ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರ. ಕ್ರಿ.ಶ. 2ನೆಯ ಶತಮಾನದ ವೈದ್ಯ ಗೇಲೆನ್ 'ಇಯೋಡೆಸ್' ಪಿತ್ತ ಎಂದು ಬರೆದಾಗ ಅವನ ಮನಸ್ಸಿನಲ್ಲಿದ್ದದ್ದು ಕಿಲುಬು. ನೇರಳೆ ಎಂದು ಓದಿಕೊಂಡ ವೈದ್ಯ ರೋಗಿಯ ವಾಂತಿಯಲ್ಲಿ ಇಲ್ಲದ ಬಣ್ಣವನ್ನು ಹುಡುಕುತ್ತಿದ್ದ.

ರಸವಾದಿಗಳ ಗ್ರಂಥಗಳಲ್ಲಂತೂ ಈ ಗೊಂದಲ ಬಗೆಹರಿದೇ ಇಲ್ಲ. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಈಜಿಪ್ಟಿನಲ್ಲಿದ್ದ ಗ್ರೀಕ್ ರಸವಾದಿಗಳು ಕೀಳು ಲೋಹವನ್ನು ಚಿನ್ನವಾಗಿಸುವ ಹಾದಿಯಲ್ಲಿ ಕಪ್ಪಾಗಿಸುವುದು, ಬಿಳಿದಾಗಿಸುವುದು, ಹಳದಿಯಾಗಿಸುವುದು ಎಂಬ ಹಂತಗಳನ್ನು ಹೇಳಿ, ಕೊನೆಯಲ್ಲಿ 'ಇಯೋಸಿಸ್' ಎನ್ನುತ್ತಾರೆ. ಇದು ಲೋಹವನ್ನು ನೇರಳೆಯಾಗಿಸುವುದೋ? ಇಲ್ಲ, ಲೋಹದ ಕಿಲುಬಿಗೆ ಸಂಬಂಧಿಸಿದ, ಅದನ್ನು ಶುದ್ಧಗೊಳಿಸುವ ಕ್ರಿಯೆಯೋ? ಫ್ರಾನ್ಸಿನ ರಸಾಯನವಿಜ್ಞಾನಿ ಮಾರ್ಸೆಲಿನ್ ಬರ್ತೆಲೊ 1880ರ ದಶಕದಲ್ಲಿ ಈ ಗ್ರಂಥಗಳನ್ನು ಸಂಪಾದಿಸಿ ಪ್ರಕಟಿಸಿದ ಮೇಲೂ ಎರಡು ಬಗೆಯ ಅರ್ಥವಿವರಣೆಗಳೂ ಉಳಿದುಕೊಂಡವು. ಪ್ರಯೋಗವನ್ನು ಪುನಃ ಮಾಡಿನೋಡಬೇಕೆಂದರೂ ಯಾವ ಬಣ್ಣ ಬಂದರೆ ಗೆದ್ದಂತೆ ಎಂಬುದೇ ನಿಶ್ಚಯವಿಲ್ಲ!

ಡೇವಿ ತಪ್ಪಿಸಿದ ಗೊಂದಲ

ಹೂವಿನ ಬಣ್ಣದ 'ಇಯೋಡೆಸ್' 19ನೆಯ ಶತಮಾನದಲ್ಲಿ ಒಂದು ಧಾತುವಿನ ಹೆಸರಾಯಿತು. ನೆಪೋಲಿಯನ್ನನ ಯುದ್ಧಗಳ ಕಾಲ, ಕೋವಿಮದ್ದಿಗೆ ಪೆಟ್ಲುಪ್ಪು ಎಷ್ಟಿದ್ದರೂ ಸಾಲದು. ಪ್ಯಾರಿಸಿನಲ್ಲಿ ಪೆಟ್ಲುಪ್ಪು ತಯಾರಿಸುತ್ತಿದ್ದ ಬರ್ನಾರ್ಡ್ ಕೂರ್ತ್ವಾ, ಬೇಕಾದ ಕ್ಷಾರಕ್ಕಾಗಿ ಕಡಲಕಳೆಯ ಬೂದಿಯನ್ನು ಬಳಸುತ್ತಿದ್ದ. 1811ರಲ್ಲಿ ಆ ಬೂದಿಯ ದ್ರಾವಣಕ್ಕೆ ಸಲ್ಫ್ಯೂರಿಕ್ ಆಮ್ಲವನ್ನು ಹೆಚ್ಚಾಗಿ ಸುರಿದಾಗ ನೇರಳೆ ಬಣ್ಣದ ಆವಿ ಎದ್ದು, ತಣ್ಣನೆಯ ಮೇಲ್ಮೈಗಳಲ್ಲಿ ದ್ರವವಾಗದೆ ನೇರವಾಗಿ ಕಪ್ಪು ಹೊಳಪಿನ ಹರಳುಗಳಾಗಿ ಕೂತಿತು. ಅವನಿಗೆ ಸಂಶ ೋಧನೆ ಮುಂದುವರಿಸುವಷ್ಟು ಹಣವೂ ಇರಲಿಲ್ಲ, ಬಿಡುವೂ ಇರಲಿಲ್ಲ. ಹರಳುಗಳನ್ನು ಗೆಳೆಯರಿಗೆ ಕೊಟ್ಟ. ಅವು ಗೇ-ಲ್ಯುಸಾಕನ ಕೈಗೂ, 1813ರ ನವೆಂಬರಿನಲ್ಲಿ ಆಂಪೇರನ ಮೂಲಕ ಪ್ಯಾರಿಸಿಗೆ ಬಂದಿದ್ದ ಇಂಗ್ಲೆಂಡಿನ ಹಂಫ್ರಿ ಡೇವಿಯ ಕೈಗೂ ಬಂದವು. ಎರಡೂ ದೇಶಗಳ ನಡುವೆ ಯುದ್ಧ ನಡೆಯುತ್ತಿದ್ದರೂ ಡೇವಿಗೆ ಫ್ರಾನ್ಸಿನಲ್ಲಿ ಸಂಚರಿಸಲು ಪರವಾನಗಿ ಸಿಕ್ಕಿತ್ತು. ಅವನ ಜೊತೆಯಲ್ಲಿ ಸಾಮಾನು ಸಂಭಾಳಿಸಿಕೊಂಡು 22 ವರ್ಷದ ಸಹಾಯಕನೊಬ್ಬನಿದ್ದ. ಹೆಸರು ಮೈಕೇಲ್ ಫ್ಯಾರಡೆ.

ಹೊಸ ಧಾತುವಿಗೆ ಗೇ-ಲ್ಯುಸಾಕ್ ಕೊಟ್ಟ ಫ್ರೆಂಚ್ ಹೆಸರು 'ಇಯೋದ್'. ಆದರೆ ಡೇವಿಯ ಕಿವಿಗೆ ಬಿದ್ದಿದ್ದ ಹೆಸರು ಇನ್ನೊಂದು: ಹೂವಿನ ಇಯೊನ್‌ನಿಂದಲೇ ನೇರವಾಗಿ ತೆಗೆದ 'ಅಯೋನ್'. 1813ರ ಡಿಸೆಂಬರಿನಲ್ಲಿ ಪ್ಯಾರಿಸಿನಿಂದಲೇ ರಾಯಲ್ ಸೊಸೈಟಿಗೆ ಬರೆದ ಲೇಖನದಲ್ಲಿ ಅವನು ಇದಕ್ಕೆ ಆಕ್ಷೇಪ ಎತ್ತಿದ. ಅಯೋನ್ ಎಂದರೆ ಅದರ ಸಂಯುಕ್ತಗಳನ್ನು 'ಅಯಾನಿಕ್', 'ಅಯೋನಿಯನ್' ಎನ್ನಬೇಕಾಗುತ್ತದೆ. ಅವು ಗ್ರೀಸಿನ ಅಯೋನಿಯ ಪ್ರಾಂತಕ್ಕೂ ಅಲ್ಲಿಯ ವಾಸ್ತುಶೈಲಿಗೂ ಇರುವ ಹೆಸರುಗಳು, ಗೊಂದಲವಾಗುತ್ತದೆ. ಇಯೋಡೆಸ್‌ನಿಂದ 'ಅಯೊಡೀನ್' ಎಂದು ಮಾಡಿಕೊಂಡರೆ ಗೊಂದಲ ತಪ್ಪುತ್ತದೆ, ಕ್ಲೋರೀನ್, ಫ್ಲೂರೀನ್‌ಗಳ ಜೊತೆಗೂ ಹೊಂದುತ್ತದೆ ಎಂಬುದು ಅವನ ವಾದದ ಸಾರ. (ಈ ಅಯೋನಿಯದ ಜನರನ್ನು ನೀವು ಬಲ್ಲಿರಿ. 'ಇಯಾವೊನೆಸ್' ಎಂಬ ಅವರ ಹಳೆಯ ಹೆಸರೇ ಪರ್ಷಿಯನ್ನರಲ್ಲಿ 'ಯೌನ', ನಮ್ಮಲ್ಲಿ 'ಯವನ' ಆಯಿತು. ಕಳೆದುಹೋದ ವಕಾರದ ಗುರುತು ಇಲ್ಲೂ ಇದೆ.)

ಡೇವಿ ಹೆದರಿದ್ದು ಒಂದು ಪ್ರಾಂತದ ಹೆಸರಿಗೆ. ನಿಜವಾದ ಅಪಾಯ ಅವನ ಪಕ್ಕದಲ್ಲೇ ಇತ್ತು. 20 ವರ್ಷಗಳ ಬಳಿಕ, 1834ರಲ್ಲಿ, ಅದೇ ಫ್ಯಾರಡೆ ವಿದ್ಯುದ್ವಿಶ್ಲೇಷಣೆಯ ನಿಯಮಗಳನ್ನು ಬರೆಯುತ್ತಿದ್ದ. ಹಳೆಯ ಪದಗಳು ಹಳೆಯ ಸಿದ್ಧಾಂತಗಳನ್ನು ಹೊತ್ತು ತರುತ್ತವೆ ಎಂದು ಅವನಿಗೆ ಬೇಸರ. ಕೇಂಬ್ರಿಡ್ಜಿನ ವಿಲಿಯಮ್ ಹ್ಯೂವೆಲ್ಲನಿಗೆ ಪತ್ರ ಬರೆದು ಹೊಸ ಪದಗಳನ್ನು ಕೇಳಿದ. 'ಸೈಂಟಿಸ್ಟ್' ಎಂಬ ಪದವನ್ನು ಟಂಕಿಸಿದವನೂ ಈ ಹ್ಯೂವೆಲ್ಲನೇ. ಆ ವರ್ಷದ ಏಪ್ರಿಲ್, ಮೇ ತಿಂಗಳ ಪತ್ರಗಳಲ್ಲಿ ಅವನು ಆನೋಡ್, ಕ್ಯಾಥೋಡ್, ಆನಯಾನ್, ಕ್ಯಾಟಯಾನ್ ಪದಗಳನ್ನೂ, ಕೊನೆಯ ಎರಡಕ್ಕೂ ಸಾಮಾನ್ಯವಾಗಿ 'ಅಯಾನ್' ಎಂಬುದನ್ನೂ ಸೂಚಿಸಿದ. ಆನೋಡ್ ಎಂದರೆ ಏರುವ ದಾರಿ, ಕ್ಯಾಥೋಡ್ ಎಂದರೆ ಇಳಿಯುವ ದಾರಿ. ಸೂರ್ಯ ಏರುವ ಮೂಡಲು, ಇಳಿಯುವ ಪಡುವಲು ಎಂಬ ಚಿತ್ರ ಫ್ಯಾರಡೆಯ ಮನಸ್ಸಿನಲ್ಲಿತ್ತು. ಅಯಾನ್ ಎಂದರೆ 'ಹೋಗುತ್ತಿರುವುದು'. ಗ್ರೀಕಿನಲ್ಲಿ 'ಇಯೊನ್'.

ಹೌದು, ಮತ್ತೆ ಇಯೊನ್! ಹೂವಿನ ಇಯೊನ್‌ಗೆ ಮೊದಲ ಅಕ್ಷರದ ಮೇಲೆ ಒತ್ತು, ಹೋಗುವ ಇಯೊನ್‌ಗೆ ಕೊನೆಯ ಅಕ್ಷರದ ಮೇಲೆ. ಅಷ್ಟೇ ವ್ಯತ್ಯಾಸ, ಮೂಲ ಬೇರೆಯೇ. ಡೇವಿ 1813ರಲ್ಲಿ ಆಕ್ಷೇಪಿಸದೆ 'ಅಯೋನ್' ಎಂಬುದೇ ಇಂಗ್ಲಿಷಿನಲ್ಲಿ ನೆಲೆಯಾಗಿದ್ದರೆ, ಧಾತುವಿಗೂ ವಿದ್ಯುದಂಶವುಳ್ಳ ಕಣಕ್ಕೂ ಹೆಚ್ಚುಕಡಿಮೆ ಒಂದೇ ಹೆಸರಾಗುತ್ತಿತ್ತು. ಇಲ್ಲವೆ ಹ್ಯೂವೆಲ್ ಬೇರೆ ಪದ ಹುಡುಕಬೇಕಾಗುತ್ತಿತ್ತು. 'ಅಯೊಡೈಡ್ ಅಯಾನು' ಎಂದು ನೀವು ಕರಿಹಲಗೆಯ ಮೇಲೆ ಬರೆದಾಗಲೆಲ್ಲ ಹೂವೂ ನಡಿಗೆಯೂ ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ಪೊಟ್ಯಾಸಿಯಮ್ ಅಯೊಡೈಡ್ ದ್ರಾವಣಕ್ಕೆ ಸ್ವಲ್ಪ ಗಂಜಿ ಬೆರೆಸಿ ಬ್ಯಾಟರಿಗೆ ಜೋಡಿಸಿದ ಎರಡು ಪೆನ್ಸಿಲ್ ಕಡ್ಡಿಗಳನ್ನು ಇಳಿಬಿಟ್ಟರೆ, ಆನೋಡಿನ ಸುತ್ತ ಕಡುನೀಲಿ ಬಣ್ಣ ಹರಡುತ್ತದೆ. ಹೋಗುತ್ತಿದ್ದ ಅಯೊಡೈಡ್ ಅಲ್ಲಿಗೆ ತಲುಪಿ ಅಯೊಡೀನ್ ಆಗುತ್ತದೆ. ಎರಡೂ ಪದಗಳನ್ನು ಬಿಡಿಸಿ ಹೇಳಲು ಇದಕ್ಕಿಂತ ಅಗ್ಗದ ಪ್ರಯೋಗ ಇಲ್ಲ.

ನಮ್ಮ 'ಅಯಾನು' ಎಂಬ ಪದದ ಬಗ್ಗೆ ಇಲ್ಲೊಂದು ಮಾತು. ಉತ್ತರಾಯಣ, ದಕ್ಷಿಣಾಯನಗಳ 'ಅಯನ' ಎಂದರೆ ಹೋಗುವಿಕೆ. ಅದು ಸಂಸ್ಕೃತದ 'ಇ' ಧಾತುವಿನಿಂದ ಬಂದದ್ದು, 'ಹೋಗುತ್ತಾನೆ' ಎಂಬರ್ಥದ 'ಏತಿ' ಕೂಡ ಅದರಿಂದಲೇ. ಗ್ರೀಕಿನ ಹೋಗುವ ಇಯೊನ್ ಕೂಡ ಅದೇ ಬೇರಿನದು. ಆದ್ದರಿಂದ ಅಯನಕ್ಕೂ ಅಯಾನಿಗೂ ನಂಟು ನಿಜ. ಆದರೆ ಎರಡೂ 'ಅಯ' ಎಂದು ಆರಂಭವಾಗುವುದು ಆಕಸ್ಮಿಕ. ಒಂದರ 'ಅಯ' ಸಂಸ್ಕೃತದಲ್ಲಿ ಇಕಾರಕ್ಕೆ ಆಗುವ ಗುಣದ ಫಲ, ಇನ್ನೊಂದರದು ಇಂಗ್ಲಿಷರ ಉಚ್ಚಾರದ ಫಲ. ಹೋಲಿಕೆಯನ್ನು ನೋಡಿ ನಂಟು ಹೇಳಿದವನ ಉತ್ತರ ಇಲ್ಲಿ ಸರಿಯೇ, ಲೆಕ್ಕ ಮಾತ್ರ ತಪ್ಪು. ಪರೀಕ್ಷೆಯಲ್ಲಿ ಅಂಥವನಿಗೆ ಎಷ್ಟು ಅಂಕ ಕೊಡಬೇಕೆಂದು ಅಧ್ಯಾಪಕರು ಯೋಚಿಸಲಿ.

ಅಥೆನ್ಸಿನ ಶಾಲಾ ಹುಡುಗನ ಅವಸ್ಥೆ ನಮ್ಮವರಿಗಿಂತ ಕಷ್ಟದ್ದು. ಅವನ ಪುಸ್ತಕದಲ್ಲಿ ಅಯೊಡೀನ್ 'ಇಯೋದಿಯೊ', ಅಯಾನು 'ಇಯೊನ್', ವೈರಸ್ 'ಇಯೊಸ್', ನೇರಳಾತೀತ ಕಿರಣ 'ಇಪೆರಿಯೋದಿಸ್'. ಒಂದೇ ಮನೆಯ ಮಕ್ಕಳಂತೆ ಕಾಣುವ ಇವುಗಳಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಮಾತ್ರ ರಕ್ತಸಂಬಂಧ.

ವೈರಸ್ಸಿಗೆ ಈ ಹೆಸರು ಬಂದ ದಾರಿಯನ್ನು ಹೇಳಿ ಮುಗಿಸುತ್ತೇನೆ. ಲ್ಯಾಟಿನ್ನಿನ 'ವೀರುಸ್' ವಿಷ, ಲೋಳೆಯಂಥ ದ್ರವ ಎಂಬ ಅರ್ಥಗಳಲ್ಲಿ ಬಳಕೆಯಲ್ಲಿತ್ತು. 1798ರಲ್ಲಿ ಜೆನ್ನರ್ ಗೋಸಿಡುಬಿನ ಕೀವಿಗೆ ವೈರಸ್ ಎಂದ. ಅವನಿಗೆ ಅದು ರೋಗ ತರುವ ದ್ರವ, ಅಷ್ಟೇ. 1892ರಲ್ಲಿ ರಷ್ಯದ ಇವಾನೊವ್‌ಸ್ಕಿ, ಹೊಗೆಸೊಪ್ಪಿನ ಮೊಸಾಯಿಕ್ ರೋಗದ ರಸ ಬ್ಯಾಕ್ಟೀರಿಯಗಳನ್ನು ತಡೆಯುವ ಶೋಧಕದ ಮೂಲಕ ಹಾದುಬಂದ ಮೇಲೂ ರೋಗ ಹರಡುತ್ತದೆಂದು ಕಂಡ. 1898ರಲ್ಲಿ ಹಾಲೆಂಡಿನ ಬೈಯರಿಂಕ್, ಇದು ಬ್ಯಾಕ್ಟೀರಿಯವಲ್ಲದ, ಜೀವಕೋಶದೊಳಗೆ ಮಾತ್ರ ವೃದ್ಧಿಸುವ ಬೇರೆಯೇ ಏನೋ ಎಂದು ವಾದಿಸಿ, ಹಳೆಯ ಪದವನ್ನು ಅದಕ್ಕೆ ಬಳಸಿದ. ಗ್ರೀಕರು ಲ್ಯಾಟಿನ್ನಿನ ವಿಷಕ್ಕೆ ತಮ್ಮ ಭಾಷೆಯ ವಿಷವನ್ನು ಇಟ್ಟರು, ಇಯೊಸ್ ಎಂದರು. ಅರ್ಥಕ್ಕೆ ಅರ್ಥ ಇಟ್ಟಾಗ ಸಾವಿರಾರು ವರ್ಷ ಹಿಂದೆ ಅಗಲಿದ್ದ ಎರಡು ಸೋದರ ಪದಗಳು ಮತ್ತೆ ಸೇರಿದವು.

ನಾವು ಏನು ಮಾಡಿದೆವು? ಹಿಂದಿಯವರು 'ವಿಷಾಣು' ಎಂದರು. ಅದೂ ಅದೇ ಕುಟುಂಬಕ್ಕೆ ಸೇರಿದ ಪದ. ಕನ್ನಡದಲ್ಲಿ 'ವೈರಾಣು' ಎಂದೆವು, ವೈರಸ್ಸಿನ ಧ್ವನಿಯೂ ಉಳಿಯಿತು, ವೈರಿ ಎಂಬ ಅರ್ಥವೂ ಸೇರಿತು. ಚೆಲುವಾದ ಪದ, ಬಳಸಲು ಅಡ್ಡಿಯಿಲ್ಲ, ನಾನೂ ಬಳಸುತ್ತೇನೆ. ಆದರೆ 'ವೈರ' ಬಂದಿರುವುದು 'ವೀರ'ದಿಂದ. ಆ ವೀರನಿಗೆ ಲ್ಯಾಟಿನ್ನಿನಲ್ಲಿ ಒಬ್ಬ ಸೋದರನಿದ್ದಾನೆ: ಗಂಡಸು ಎಂಬರ್ಥದ 'ವಿರ್'. ಅವನಿಗೂ ವಿಷದ 'ವೀರುಸ್'ಗೂ ಯಾವ ಸಂಬಂಧವೂ ಇಲ್ಲ.